ಹಿತ್ತಲ ಗ್ರೌಂಡು

ಸಿಡ್ನಿಯ ನಮ್ಮ ಮಾರ್ಸ್ಡನ್ ಪಾರ್ಕ್ ಬಡಾವಣೆಯ ಮನೆಗಳು ಎಷ್ಟು ಒತ್ತೊತ್ತಾಗಿವೆಯೆಂದರೆ, ಪಕ್ಕದವರು ಒಗ್ಗರಣೆ ಹಾಕಿದರೆ ನಾವು ಸೀನಬೇಕು. ಮೊನ್ನೆ ಶನಿವಾರ ಅವರ ಅಡುಗೆಮನೆಯಿಂದ ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ ಬಂತು. ಬೇರೆಯವರಿಗಾದರೆ ಹಸಿವಾಗುತ್ತದೆ. ನನಗೆ ಸಿಟ್ಟು ಬಂತು. ನಗಬೇಡಿ. ಆ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಸಿಡ್ನಿಗೆ ಬರುವ ಮುಂಚೆ ನಾವು ಮೆಲ್ಬರ್ನಿನ ಟಾರ್ನೀಟ್‌ನಲ್ಲಿದ್ದೆವು. ಮಗಳು ಅನಘಾ ಆಗ ಹೈಸ್ಕೂಲಿನಲ್ಲಿದ್ದಳು. ಧಾರವಾಡದಿಂದ ಬಂದ ಎಲ್ಲ ತಾಯಂದಿರ ಹಾಗೆ ನನಗೂ ಅವಳು ಭರತನಾಟ್ಯ ಕಲಿಯಲಿ ಅಂತ ಆಸೆ. ಕಳಿಸಿಯೂ ನೋಡಿದೆ. ಗೆಜ್ಜೆ ಕಟ್ಟಿದ ಕಾಲಲ್ಲೇ ಕಂಡಕಂಡದ್ದನ್ನೆಲ್ಲ ಒದೆಯುತ್ತಿದ್ದಳು. ಡಾನ್ಸ್ ಟೀಚರ್ ಕೈಮುಗಿದರು. ಕೊನೆಗೆ ಗೆಳತಿಯೊಬ್ಬಳ ಬೆನ್ನು ಹತ್ತಿ ಫುಟ್‌ಬಾಲ್ ಕ್ಲಬ್ಬಿಗೆ ಸೇರಿಕೊಂಡಳು.

ಅದು ಪೋಲೆಂಡಿನವರ ಕ್ಲಬ್ಬು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಡಗು ಹತ್ತಿ ಬಂದವರು ಕಟ್ಟಿಕೊಂಡದ್ದಂತೆ. ಕೆಂಪು ಬಿಳಿ ಜರ್ಸಿ, ಗೋಡೆಯ ಮೇಲೆ ಅವರ ದೇಶದ ಲಾಂಛನವಾದ ಬಿಳಿ ಹದ್ದು, ಗಂಡಸರದೊಂದು ಟೀಮು, ಹೆಂಗಸರದೊಂದು ಟೀಮು. ಹೆಂಗಸರಿಗೂ ಟೀಮ್ ಇದೆಯಲ್ಲ, ಎಂಥ ಮುಂದುವರಿದ ಜನ ಅಂತ ನಾನು ಊರಿಗೆ ಫೋನ್ ಮಾಡಿ ಕೊಚ್ಚಿಕೊಂಡದ್ದೂ ಆಯಿತು.

ಅಲ್ಲಿ ಎರಡು ಗ್ರೌಂಡುಗಳಿದ್ದವು. ಮುಂದಿನದಕ್ಕೆ ಹಾಸಿಗೆಯಂಥ ಹುಲ್ಲು, ಲೈಟು, ಕೂರಲು ಬೆಂಚು. ಶೆಡ್ಡಿನ ಹಿಂದೆ ಇನ್ನೊಂದು. ಒಂದು ಕಡೆ ಇಳಿಜಾರು, ಮೈತುಂಬ ಮೊಲ ತೋಡಿದ ಗುಂಡಿಗಳು, ಗೋಲಿಗೆ ಹರಿದ ಬಲೆ. ನಾನು ಅದನ್ನು ಹಿತ್ತಲು ಅಂತಲೇ ಕರೆಯುತ್ತಿದ್ದೆ. ಹುಡುಗಿಯರು ಆಡುವುದು ಎಲ್ಲಿ ಅಂತ ನಾನು ಬೇರೆ ಹೇಳಬೇಕೇ?

ಸುಮ್ಮನೆ ಕೂರಲಾರದೆ ನಾನು ಅಲ್ಲಿನ ಅಡುಗೆಮನೆ ಹೊಕ್ಕೆ. ಅದು ಹಾಲೀನಾ ಅನ್ನುವ ಮುದುಕಿಯ ರಾಜ್ಯ. ಗಂಡ ಇದೇ ಕ್ಲಬ್ಬಿನ ಹಳೆಯ ಆಟಗಾರನಂತೆ. ಅವನು ಹೋದ ಮೇಲೂ ಆಕೆ ಪ್ರತಿ ಶನಿವಾರ ಬಂದು ಪಿರೋಗಿ ಮಾಡುತ್ತಿದ್ದಳು. ಆಲೂಗಡ್ಡೆ, ಚೀಸು ತುಂಬಿ ಬೇಯಿಸಿದ ನಮ್ಮ ಕಡುಬೇ ಅದು. ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ನಾನು ಕರಿಗಡಬಿನ ಹಾಗೆ ಅಂಚು ಮಡಚಿ ತೋರಿಸಿದೆ. ಆಕೆ ಕನ್ನಡಕ ಏರಿಸಿ ನೋಡಿ, "ಗುಡ್ ಹ್ಯಾಂಡ್ಸ್" ಅಂದಳು. ಅಂದಿನಿಂದ ಏಪ್ರನ್ ನನ್ನ ಕೊರಳಿಗೆ ಬಿತ್ತು.

ಅಲ್ಲೊಂದು ಪದ್ಧತಿ. ಆಟ ಮುಗಿದ ಮೇಲೆ ಗಂಡಸರ ಟೀಮು ಮೊದಲು ಉಣ್ಣಬೇಕು. ಅವರು ಬಿಸಿಬಿಸಿ ತಿಂದು, ಬಿಯರ್ ಕುಡಿದು, ಕುರ್ಚಿ ಹಿಂದಕ್ಕೆ ತಳ್ಳಿದ ಮೇಲೆ ಹುಡುಗಿಯರ ಪಾಳಿ. ಅಷ್ಟೊತ್ತಿಗೆ ಪಿರೋಗಿ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತಿತ್ತು. ನಾನು ಒಮ್ಮೆ ಅನಘಾಳಿಗೆ ಬೇಗ ಬಡಿಸಲು ಹೋದೆ. ಹಾಲೀನಾ ನನ್ನ ಕೈ ಹಿಡಿದು, "ಬಾಯ್ಸ್ ಫಸ್ಟ್. ಆಲ್ವೇಸ್" ಅಂದಳು.

ನನಗೆ ನಮ್ಮ ಧಾರವಾಡದ ಮದುವೆಮನೆಗಳು ನೆನಪಾದವು. ಬೆಳಗಿನಿಂದ ಒಲೆಯ ಮುಂದೆ ಬೆಂದ ನಮ್ಮ ಅತ್ತೆಯಂದಿರು ಕೊನೆಯ ಪಂಕ್ತಿಗೆ ಕೂರುವ ಹೊತ್ತಿಗೆ ಅನ್ನ ಆರಿ, ಸಾರಿನ ತಳ ಕಾಣುತ್ತಿತ್ತು. ಅಲ್ಲ, ಇಷ್ಟು ದೂರ ಬಂದು, ವೀಸಾ, ಕಾಯಂ ವಾಸದ ಪಿಆರ್ ಅಂತ ಒದ್ದಾಡಿ, ಮತ್ತೆ ಅದೇ ಕೊನೆಯ ಪಂಕ್ತಿಯೇ? ಅದೂ ನನ್ನ ಮಗಳಿಗೆ? ನಮ್ಮ ಮನೆಯವರ ಹತ್ತಿರ ಕೂಗಾಡಿದೆ. "ಅವರ ಕ್ಲಬ್ಬು, ಅವರ ರೂಲ್ಸು. ನಿನಗ್ಯಾಕ ಊರ ಉಸಾಬರಿ?" ಅಂದು ಟಿವಿಯ ಕಡೆ ತಿರುಗಿದರು.

ಆ ವರ್ಷ ಗಂಡಸರ ಟೀಮು ಸೋತು ಸುಣ್ಣವಾಗಿತ್ತು. ಹುಡುಗಿಯರು ಮಾತ್ರ ಗೆಲ್ಲುತ್ತಲೇ ಬಂದರು. ಕೊನೆಯ ಮ್ಯಾಚ್ ಗೆದ್ದರೆ ಮೇಲಿನ ಡಿವಿಷನ್ನಿಗೆ ಹೋಗುತ್ತಾರೆ. ಅದನ್ನು ಮುಂದಿನ ಗ್ರೌಂಡಿನಲ್ಲೇ ಆಡಿಸುತ್ತೇವೆ ಅಂತ ಕ್ಲಬ್ಬಿನ ಅಧ್ಯಕ್ಷರೇ ಮಾತು ಕೊಟ್ಟಿದ್ದರು. ಅನಘಾ ಆ ವಾರವೆಲ್ಲ ಊಟ, ನಿದ್ದೆ ಬಿಟ್ಟು ಅದೇ ಜಪ ಮಾಡಿದಳು.

ಹಿಂದಿನ ದಿನ ಮಳೆ ಬಂತು. ಬೆಳಿಗ್ಗೆ ಹುಡುಗಿಯರು ಬೂಟು ಕಟ್ಟಿಕೊಂಡು ನಿಂತಾಗ ಅಧ್ಯಕ್ಷರು ಬಂದು, ಮ್ಯಾಚು ಹಿಂದಿನ ಗ್ರೌಂಡಿನಲ್ಲಿ ಅಂದರು. ನಾಳೆ ಹುಡುಗರ ಮ್ಯಾಚಿದೆ, ಒದ್ದೆ ಹುಲ್ಲು ಕಿತ್ತುಹೋಗುತ್ತದೆಯಂತೆ. ನಾನು ಏಪ್ರನ್ನಿನಲ್ಲೇ ಓಡಿಹೋಗಿ, ಹಿಂದಿನದೂ ಒದ್ದೆಯಾಗಿದೆಯಲ್ಲ ಸ್ವಾಮೀ ಅಂತ ನನ್ನ ಧಾರವಾಡದ ಇಂಗ್ಲಿಷಿನಲ್ಲಿ ಕೇಳಿದೆ. ಅವರು ನಕ್ಕು, "ಯೆಸ್, ಬಟ್ ದಟ್ ಒನ್ ಡಸಂಟ್ ಮ್ಯಾಟರ್" ಅಂದರು.

ಹಾಳಾದರೆ ಚಿಂತೆಯಿಲ್ಲವಂತೆ! ಹುಲ್ಲಿನ ಬಗ್ಗೆ ಅಷ್ಟು ಕಾಳಜಿ ಇದ್ದ ಮನುಷ್ಯ ಅಲ್ಲಿ ಓಡುವ ಕಾಲುಗಳ ಬಗ್ಗೆ ಒಂದು ಮಾತು ಆಡಲಿಲ್ಲ.

ಅನಘಾ ಚೆಂಡು ಹಿಡಿದು ಗೋಲಿನ ಕಡೆ ಓಡುತ್ತಿದ್ದಳು. ನೀರು ತುಂಬಿದ ಮೊಲದ ಗುಂಡಿ ಕಾಣಲಿಲ್ಲ. ಪಾದ ಒಳಗೆ ಸಿಕ್ಕಿಕೊಂಡಿತು, ಮೈ ಮುಂದಕ್ಕೆ ಹೋಯಿತು, ಮೊಣಕಾಲು ಹೊರಳಿತು. ಅವಳ ಕೂಗು ನನಗೆ ಅಡುಗೆಮನೆಯವರೆಗೆ ಕೇಳಿಸಿತು. ಮ್ಯಾಚು ಅಲ್ಲಿಗೇ ನಿಂತಿತು. ಆಂಬುಲೆನ್ಸ್ ಬರುವವರೆಗೆ ಅಂತ ಹುಡುಗಿಯರೆಲ್ಲ ಸೇರಿ ಅವಳನ್ನು ಕ್ಲಬ್ಬಿನ ಊಟದ ಹಾಲಿಗೆ ಹೊತ್ತು ತಂದರು. ಅಲ್ಲಿ ನಾಳಿನ ಮ್ಯಾಚಿನ ಮೀಟಿಂಗ್ ಮುಗಿಸಿದ ಗಂಡಸರ ಟೀಮು ತಟ್ಟೆ ಹಿಡಿದು ಕ್ಯೂ ನಿಂತಿತ್ತು. ಅಧ್ಯಕ್ಷರು ಮಗಳ ಹೆಗಲು ತಟ್ಟಿ "ಬ್ಯಾಡ್ ಲಕ್" ಅಂದು ಕ್ಯೂಗೆ ಸೇರಿಕೊಂಡರು.

ಹಾಲೀನಾ ಸೌಟು ಹಿಡಿದವಳು ಹಾಗೇ ನಿಂತಳು. ಊದಿದ ಮೊಣಕಾಲನ್ನು ನೋಡಿದಳು, ಕೆಸರು ಮೆತ್ತಿದ ಹುಡುಗಿಯರನ್ನು ನೋಡಿದಳು. ಆಮೇಲೆ ಬಡಿಸುವ ಕಿಟಕಿಯ ಶಟರನ್ನು ಆ ಗಂಡಸರ ಮುಖದ ಮೇಲೆ ಧಡಾರನೆ ಎಳೆದಳು. ಹೊರಗಿನಿಂದ ಯಾರೋ ಬಡಿದರು, ಯಾರೋ ನಕ್ಕರು. ಆಕೆ ಒಳಗಿನಿಂದ ಪೋಲಿಷಿನಲ್ಲಿ ಏನೋ ಚೀರಿದಳು, ಬಡಿಯುವುದು ನಿಂತಿತು. ಪಕ್ಕದ ಬಾಗಿಲಿನಿಂದ ಬಿಸಿ ತಟ್ಟೆಗಳನ್ನು ತಾನೇ ಹೊತ್ತು ತಂದು ಮೊದಲು ಅನಘಾಳಿಗೆ, ಆಮೇಲೆ ಉಳಿದ ಹುಡುಗಿಯರಿಗೆ ಕೊಟ್ಟಳು. ನನ್ನ ಕಣ್ಣು ತುಂಬಿ ಬಂತು.

ಆದರೆ ನೀವೇ ಹೇಳಿ, ಒಂದು ತಟ್ಟೆ ಬಿಸಿ ಕಡುಬಿನಿಂದ ಮೊಣಕಾಲು ಸರಿಹೋಗುತ್ತದೆಯೇ? ಆಪರೇಷನ್ ಆಯಿತು. ಮುಂದೆ ನಾನು ಅವಳ ಬೂಟು ತರಲು ಹೋದಾಗ ನೋಡಿದರೆ, ಹಿತ್ತಲ ಗ್ರೌಂಡಿನ ಗುಂಡಿಗಳು ಹಾಗೇ ಇದ್ದವು. ಅಂಚಿನಲ್ಲಿ ಒಂದು ಬೋರ್ಡು ನೆಟ್ಟಿದ್ದರು, ನೋಡಿಕೊಂಡು ನಡೆಯಿರಿ ಅಂತ. ಆ ಬೋರ್ಡನ್ನು ಕಿತ್ತು ಅಧ್ಯಕ್ಷರ ಕಾರಿನ ಮೇಲೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಅದಕ್ಕೂ ಈಗ ನನಗೆ ನನ್ನ ಮೇಲೆಯೇ ಸಿಟ್ಟಿದೆ.

ಕಾಲು ಗಟ್ಟಿಯಾಗಿದೆ, ಆಡಬಹುದು ಅಂತ ಡಾಕ್ಟರ್ ಹೇಳಿದ ಮೇಲೂ ಅನಘಾ ಚೆಂಡು ಮುಟ್ಟಲಿಲ್ಲ. "ವಾಟ್ಸ್ ದ ಪಾಯಿಂಟ್, ಅಮ್ಮ?" ಅನ್ನುತ್ತಿದ್ದಳು. ಈಗ ಯೂನಿವರ್ಸಿಟಿಗೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ.

ಮೊನ್ನೆ ಶನಿವಾರ, ನಾನು ಚಪಾತಿ ಹಿಟ್ಟು ಕಲಸುತ್ತ ಇದನ್ನೆಲ್ಲ ನೆನೆದು ಕುದಿಯುತ್ತಿದ್ದಾಗಲೇ ಫೋನ್ ಬಂತು. ನಮ್ಮ ಕನ್ನಡದವರ ಆಟೋಟದ ದಿನ ನಡೆಸುವ ಹುಬ್ಬಳ್ಳಿಯ ಪಾಟೀಲರು. ಕೈ ಹಿಟ್ಟಾಗಿತ್ತು, ಸ್ಪೀಕರ್ ಹಾಕಿದೆ.

"ವೈನೀ, ಈ ಸಲ ಫುಟ್‌ಬಾಲ್ ಇಟ್ಟೇವ್ರಿ. ದೊಡ್ಡ ಗ್ರೌಂಡ್ ಜೆಂಟ್ಸ್‌ಗೆ ಬುಕ್ ಮಾಡೇವಿ. ಲೇಡೀಸ್‌ಗೆ ಹಿಂದ ಒಂದು ಸಣ್ಣ ಜಾಗಾ ಐತಿ, ಅಷ್ಟೇನ್ ಚಲೋ ಇಲ್ಲ, ಆದ್ರ ನಡೀತೈತಲ್ರಿ? ನೀವು ಹೆಂಗೂ ಊಟದ್ದ ನೋಡ್ಕೋತೀರಿ."

ನನಗೆ ಎಷ್ಟು ಸಿಟ್ಟು ಬಂತೆಂದರೆ ಹಿಟ್ಟಿನ ಮುದ್ದೆಯನ್ನು ಪರಾತಕ್ಕೆ ಅಪ್ಪಳಿಸಿದೆ. ಇಷ್ಟು ವರ್ಷ ಪೋಲೆಂಡಿನವರನ್ನು ಬೈದುಕೊಂಡು ಬಂದಿದ್ದೆ. ಇವರು ನಮ್ಮವರು, ಅಣ್ಣನ ಹೆಂಡತಿಯನ್ನು ಕರೆದ ಹಾಗೆ ವೈನೀ ಅಂತ ಬಾಯಿತುಂಬ ಕರೆಯುವವರು!

ಸೋಫಾದ ಮೇಲೆ ಮಲಗಿದ್ದ ಅನಘಾ ಎದ್ದು ಬಂದು ಫೋನ್ ಎತ್ತಿಕೊಂಡಳು.

"ಅಂಕಲ್, ದೊಡ್ಡ ಗ್ರೌಂಡ್ ನಮಗ ಬೇಕು" ಅಂದಳು. ಅಪ್ಪಟ ಧಾರವಾಡದ ಕನ್ನಡ. "ನಾನೂ ಆಡಾಕಿ ಅದೀನಿ."

ಪಾಟೀಲರು ಆ ಕಡೆಯಿಂದ ಏನೇನೋ ಸಮಾಧಾನ ಹೇಳುತ್ತಿದ್ದರು. ಅವಳು ಒಪ್ಪದೆ ಕೇಳಿಸಿಕೊಳ್ಳುತ್ತ ನಿಂತಿದ್ದಳು, ಮೈಯ ಭಾರವನ್ನೆಲ್ಲ ಆಪರೇಷನ್ ಆದ ಆ ಕಾಲಿನ ಮೇಲೆಯೇ ಹಾಕಿ.