ಭೀಮೆಯ ದಂಡೆಯಲ್ಲಿ ಬಾಳೆಹಣ್ಣಿನ ಕೇಕು

ಮೂಗಿನಲ್ಲಿ ಊಟದ ನಳಿಗೆ ಹಾಕಿಸಿಕೊಳ್ಳುವುದಿಲ್ಲ ಎಂದು ನನ್ನ ಗಂಡ ಹಟ ಹಿಡಿದಿದ್ದರು. ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಕರೆಂಟು ಕೊಡಿಸಿ ಮುಗಿದಿತ್ತು. ಗಡ್ಡೆ ಕರಗಿದೆ, ಇನ್ನು ಹೊಟ್ಟೆಗೆ ಬಿದ್ದರೆ ಮನುಷ್ಯ ಉಳಿಯುತ್ತಾನೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಹೊಟ್ಟೆಗೇ ಬೀಳುತ್ತಿರಲಿಲ್ಲ. ಗಂಜಿ, ಖೀರು, ಮೊಸರು ಏನು ಕೊಟ್ಟರೂ ಒಂದು ಚಮಚ ಬಾಯಿಗಿಟ್ಟು, "ನಕ್ಕೋ" ಎಂದು ಬಟ್ಟಲು ಸರಿಸಿಬಿಡುತ್ತಿದ್ದರು. ಅಂಗಿ ಮೊಳೆಗೆ ತೂಗುಹಾಕಿದಂತೆ ಮೈಮೇಲೆ ನೇತಾಡುತ್ತಿತ್ತು. ಬಟ್ಟಲು ತೊಳೆಯುವಾಗ ನಾನು ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ.

ನಾವಿಬ್ಬರೂ ಆಳಂದದಲ್ಲಿ ಮೇಷ್ಟರ ಕೆಲಸದವರು. ಕಾಯಿಲೆ ಬರುವ ಮೊದಲು ರಜೆ ಸಿಕ್ಕಾಗಲೆಲ್ಲ ಬೆನ್ನಿಗೆ ಚೀಲ ಏರಿಸಿ ನಡೆಯಲು ಹೊರಟುಬಿಡುತ್ತಿದ್ದೆವು. ಗಡಿ ದಾಟಿ ಮಹಾರಾಷ್ಟ್ರದ ಕೋಟೆಗಳನ್ನು ಹತ್ತಿದ್ದೇ ಹೆಚ್ಚು. ಸಂಜೆ ಚೀಲ ಇಳಿಸಿದ ಮೇಲೆ ಹಣ್ಣಿನ ಸಿಹಿ ಬೇಯಿಸುವುದು ನನ್ನ ಹುಚ್ಚು. ಮಡಚಿದರೆ ಮುಷ್ಟಿಯೊಳಗೆ ಹಿಡಿಸುವ ಗ್ಯಾಸ್ ಒಲೆ, ಕಾಗದದಷ್ಟು ಹಗುರ ಅಲ್ಯುಮಿನಿಯಂ ಪಾತ್ರೆ. ಪಾತ್ರೆಯ ತಳಕ್ಕೆ ಸಣ್ಣ ಕಲ್ಲುಗಳನ್ನಿಟ್ಟು, ಅದರ ಮೇಲೊಂದು ಡಬ್ಬಿ ಕೂರಿಸಿ ಮುಚ್ಚಳ ಮುಚ್ಚಿದರೆ ಅದೇ ನನ್ನ ಭಟ್ಟಿ. ಡಬ್ಬಿಯಲ್ಲಿ ರವೆ, ಹಾಲಿನ ಪುಡಿ, ಬೆಲ್ಲ, ಒಂದಿಷ್ಟು ತುಪ್ಪ, ದಾರಿಯಲ್ಲಿ ಸಿಕ್ಕ ಹಣ್ಣು. ಸೀತಾಫಲ, ಚಿಕ್ಕು, ಮಾವು ಎಲ್ಲ ಬೆಂದಿವೆ ಅದರಲ್ಲಿ. ಇವರು ಡಬ್ಬಿಯ ಮೂಲೆಗೆ ಬೆರಳು ಹಾಕಿ ಕೆರೆದು ತಿನ್ನುತ್ತಿದ್ದರು.

ಅದನ್ನು ನೆನೆದೇ ಇರಬೇಕು, ಒಂದು ದಿನ ಅವರೇ ಮಾತು ತೆಗೆದರು.

"ಅಫಜಲಪುರದಿಂದ ಭೀಮಾ ದಂಡಿ ಹಿಡಿದು ಜೇವರ್ಗಿ ಕಡಿ ನಡಿಯೋಣು. ಎಷ್ಟ್ ಆಗ್ತದ ಅಷ್ಟ್. ನಡದ್ರ ಹಸಿವಿ ಆಗ್ತದ. ನೀ ಏನ್ ಬೇಯಿಸ್ತಿ ಅದು ತಿಂತೇನಿ."

"ಆಗಲೂ ತಿನ್ನಲಿಲ್ಲಂದ್ರ?"

"ನಳಗಿ ಹಾಕಸು. ಬ್ಯಾಡ ಅನ್ನಂಗಿಲ್ಲ."

ಅದು ಹುಚ್ಚುತನ ಎಂದು ನನಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಕೂತು ಅವರು ಕರಗುವುದನ್ನು ನೋಡುವುದೂ ಆಗುತ್ತಿರಲಿಲ್ಲ. ಅವರ ಚೀಲದಲ್ಲಿ ಒಂದು ಚಾದರ ಮಾತ್ರ ಇಟ್ಟು, ಉಳಿದದ್ದನ್ನೆಲ್ಲ ನಾನು ಹೊತ್ತೆ.

ಚಳಿಗಾಲ. ಹೊಳೆಯಲ್ಲಿ ನೀರು ಇಳಿದಿತ್ತು, ದಂಡೆಯುದ್ದಕ್ಕೂ ಕಬ್ಬು, ಅದರಾಚೆ ಕೊಯ್ಲಿಗೆ ಬಂದ ತೊಗರಿ. ಸ್ವಲ್ಪ ನಡೆಯುವುದು, ಬದುವಿನ ಮೇಲೆ ಕೂರುವುದು, ಮತ್ತೆ ಸ್ವಲ್ಪ ನಡೆಯುವುದು. ಮೊದಲ ದಿನ ಪಪ್ಪಾಯಿ ಹಾಕಿ ಮೆತ್ತಗೆ ಬೇಯಿಸಿದೆ. ಎರಡು ತುತ್ತು ಬಾಯಿಗೆ ಹೋಯಿತು. ಮೂರನೆಯದನ್ನು ಅವರು ನನಗೆ ಬೆನ್ನು ತಿರುಗಿಸಿ ಕರವಸ್ತ್ರಕ್ಕೆ ಉಗುಳಿದರು. ನಾನು ನೋಡದವಳಂತೆ ಪಾತ್ರೆ ಉಜ್ಜಿದೆ. ರಾತ್ರಿ ಪರಿಚಯದ ಮೇಷ್ಟರೊಬ್ಬರ ಮನೆಯಲ್ಲಿ ಮಲಗಿದೆವು.

ಮರುದಿನ ಗಾಳಿ ಎದ್ದಿತು. ಮಧ್ಯಾಹ್ನ ಒಂದು ಜಾಲಿಗಿಡದ ಕೆಳಗೆ ಇವರನ್ನು ಕೂರಿಸಿ, ಬಾಳೆಹಣ್ಣು ಕಿವುಚಿ ಕಲಸಿ ಡಬ್ಬಿಗೆ ಹಾಕಿದೆ. ಒಲೆಗೆ ನನ್ನ ಚೀಲ ಅಡ್ಡ ಇಟ್ಟೆ, ಚಾದರ ಹಿಡಿದೆ, ನಾನೇ ಅಡ್ಡ ಕೂತೆ. ಆದರೂ ಉರಿ ಮಲಗುತ್ತಿತ್ತು, ಏಳುತ್ತಿತ್ತು. ಕೊನೆಗೆ ನೀಲಿಯಾಗಿ ಒಮ್ಮೆ ಪುಕ್ಕೆಂದು ಆರಿಹೋಯಿತು. ಗ್ಯಾಸ್ ಖಾಲಿ. ಮುಚ್ಚಳ ತೆಗೆದರೆ ಅಂಚು ಮಾತ್ರ ಕಟ್ಟಿತ್ತು, ನಡುವೆ ಹಸಿ ಹಿಟ್ಟು.

"ಬಿಡು ಬೇ, ಇರಲಿ," ಎಂದರು ಇವರು. ಆ ದನಿಯಲ್ಲಿ ಒಂದು ನಿರಾಳ ಇತ್ತು, ತಿನ್ನುವುದು ತಪ್ಪಿತಲ್ಲ ಎನ್ನುವ ನಿರಾಳ. ಅದು ಕಿವಿಗೆ ಬಿದ್ದದ್ದೇ ನನಗೆ ಏನಾಯಿತೋ, ಆ ಖಾಲಿ ಗ್ಯಾಸ್ ಡಬ್ಬಿಯನ್ನು ಕಲ್ಲಿಗೆ ಹಾಕಿ ಕುಟ್ಟತೊಡಗಿದೆ.

ಪಕ್ಕದ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ ಹೆಂಗಸು ಕುಡುಗೋಲು ಹಿಡಿದುಕೊಂಡೇ ಓಡಿ ಬಂದಳು. ನನ್ನ ವಯಸ್ಸಿನವಳೇ.

"ಯಾಕ್ರಿ ಅಕ್ಕಾ, ಏನಾತ್ರಿ? ಹಾವೇನರ ಬಂತೇನ್ರಿ?"

"ಬೆಂಕಿ ಆರ್‍ಯಾದವ್ವಾ," ಎಂದೆ.

ಅವಳು ನನ್ನನ್ನು, ಡಬ್ಬಿಯನ್ನು, ಇವರನ್ನು ನೋಡಿದಳು. ಹೋಗಿ ಒಣ ತೊಗರಿ ಕಟ್ಟಿಗೆ, ಎರಡು ಸಗಣಿ ಕುಳ್ಳು, ಬೆಂಕಿಪೊಟ್ಟಣ ತಂದುಕೊಟ್ಟಳು. ನಾನು ಉರಿ ಹಚ್ಚಿ ಕೆಂಡ ಮಾಡಿಕೊಂಡು, ಪಾತ್ರೆಯ ಕೆಳಗೆ ಸ್ವಲ್ಪ, ಮುಚ್ಚಳದ ಮೇಲೆ ಸ್ವಲ್ಪ ಹರಡಿದೆ. ಅವಳು ಇವರ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಉಣ್ಣಾಕ ಬರಂಗಿಲ್ಲೇನ್ರಿ ಅಣ್ಣಾ ನಿಮಗ?"

"ಬರ್ತದ," ಎಂದರು ಇವರು. ಬೆರಳಿನಿಂದ ಮಣ್ಣು ಕೆದಕಿದರು. ಆಮೇಲೆ, "ನುಂಗಾಕ ಅಂಜಿಕಿ ಆಗ್ತದವ್ವಾ. ಒಮ್ಮಿ ಗಂಟಲದಾಗ ಸಿಕ್ಕಿ ಉಸಿರು ನಿಂತಿತ್ತು. ಅವತ್ತಿನಿಂದ ತುತ್ತು ನೋಡಿದ್ರನ ಸಾಯ್ತೇನಿ ಅನಸ್ತದ."

ನಾನು ಕೆಂಡ ಊದುತ್ತಿದ್ದವಳು ಹಾಗೇ ನಿಂತೆ. ಬೂದಿ ಹಾರಿ ಕಣ್ಣಿಗೆ ಬಿತ್ತು. ಹಗಲು ರಾತ್ರಿ ಪಕ್ಕದಲ್ಲೇ ಇದ್ದ ನನಗೆ ಹೇಳದ ಮಾತು. ರುಚಿ ಇಲ್ಲ ಎಂದಿದ್ದರು, ಹಸಿವಿಲ್ಲ ಎಂದಿದ್ದರು. ನಾನು ಬೆಲ್ಲ ಹೆಚ್ಚಿಸಿದ್ದೆ, ತುಪ್ಪ ಹೆಚ್ಚಿಸಿದ್ದೆ. ಅಂಜಿಕೆಗೆ ಏನು ಹಾಕಬೇಕಿತ್ತು?

ಕೇಕು ಬೆಂದಿತು. ಮೇಲೆ ಕಂದು ಬಣ್ಣ, ಒಳಗೆ ಹತ್ತಿಯಂತೆ. ಹಾಲಿನ ಪುಡಿಯನ್ನು ನೀರಿನಲ್ಲಿ ಕದಡಿ, ಅದರಲ್ಲಿ ನೆನೆಸಿ ಚಮಚ ಚಾಚಿದೆ. ಅವರು ನನ್ನ ಮುಖ ನೋಡಿ ಬಾಯಿ ತೆರೆದರು. ಒಂದು, ಇನ್ನೊಂದು, ಮತ್ತೊಂದು. ಆ ಹೆಂಗಸು "ಹಾಂ, ಹಂಗ" ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ನಾನು ಇನ್ನೇನು ನಗಬೇಕು, ಅವರ ಕಣ್ಣು ಅಗಲವಾದವು. ಕೆಮ್ಮಲಿಲ್ಲ. ಸದ್ದೇ ಇಲ್ಲ. ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಯಿತು, ತುಟಿ ನೀಲಿಗಟ್ಟಿತು.

ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಹೊಡೆದೆ. ಮತ್ತೆ ಹೊಡೆದೆ. ಬಟ್ಟೆಯೊಳಗಿನ ಎಲುಬು ಕೈಗೆ ತಾಗುತ್ತಿತ್ತು. "ಯಾ ಅಲ್ಲಾ" ಎಂದು ಕೂಗುತ್ತಿದ್ದೆನಂತೆ, ನನಗೆ ನೆನಪಿಲ್ಲ. ಹಿಂದಿನಿಂದ ಹೊಟ್ಟೆಗೆ ಮುಷ್ಟಿ ಕಟ್ಟಿ ಒತ್ತಿದಾಗ ಅದು ಹೊರಬಿತ್ತು. ಬಟಾಣಿ ಕಾಳಿನಷ್ಟು ತುಣುಕು. ಅವರು ಉಸಿರೆಳೆದ ಸದ್ದು, ಒಣಗಿದ ಕೈಪಂಪು ಎಳೆದಂತಿತ್ತು.

ಬಹಳ ಹೊತ್ತು ನನ್ನ ಮಡಿಲಲ್ಲಿ ಮಲಗಿದ್ದು, ಆಮೇಲೆ ಅವರೇ ಹೇಳಿದರು: "ನಡಿ ಬೇ. ನಳಗಿ ಹಾಕಸ್ಕೋತೇನಿ."

ಆ ಹೆಂಗಸು ಕಬ್ಬಿನ ಟ್ರ್ಯಾಕ್ಟರೊಂದನ್ನು ಕೈಯಡ್ಡ ಮಾಡಿ ನಿಲ್ಲಿಸಿದಳು. ಅದರಲ್ಲಿ ಡಾಂಬರು ರಸ್ತೆಗೆ, ಅಲ್ಲಿಂದ ಬಸ್ಸಿನಲ್ಲಿ ಕಲಬುರಗಿಗೆ. ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಉಳಿದ ಕೇಕನ್ನೆಲ್ಲ ಕೈಯಿಂದಲೇ ತಿಂದೆ. ಚೆನ್ನಾಗಿತ್ತು. ನಾನು ಮಾಡಿದವುಗಳಲ್ಲೇ ಚೆನ್ನಾಗಿದ್ದದ್ದು ಬಹುಶಃ ಅದೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಳಿಗೆ ಬೇಸಿಗೆಯವರೆಗೂ ಇತ್ತು. ನುಂಗುವುದನ್ನು ಅವರಿಗೆ ಹೊಸದಾಗಿ ಕಲಿಸಬೇಕಾಯಿತು, ಗದ್ದ ಎದೆಗೆ ತಂದು, ಗುಟುಕು ಗುಟುಕಾಗಿ. ಈಗ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಾರೆ, ಮೆತ್ತಗಿನ ಚಿಕ್ಕು ತಿನ್ನುತ್ತಾರೆ. ಸಿಹಿ ಮಾತ್ರ ಇನ್ನೂ ತಿಳಿಯುವುದಿಲ್ಲವಂತೆ. ಹೊಳೆದಂಡೆಯ ಆ ಕೇಕು ಹೇಗಿತ್ತು ಎಂದು ಒಮ್ಮೆ ಕೇಳಿದ್ದೆ. "ಮಣ್ಣಿನಂಗಿತ್ತು. ಬಿಸಿ ಇತ್ತು," ಎಂದರು.

ಅವರು ಊಟಕ್ಕೆ ಕೂತಾಗ ನಾನು ಎದುರಿಗೇ ಕೂರುತ್ತೇನೆ. ಪ್ರತಿ ತುತ್ತಿಗೂ ನನ್ನ ಕಣ್ಣು ಅವರ ಗಂಟಲಿಗೆ ಹೋಗುತ್ತದೆ. "ಹಂಗ ನೋಡಬ್ಯಾಡ, ಅಂಜಿಕಿ ಬರ್ತದ," ಎನ್ನುತ್ತಾರೆ. ಈಗ ನನಗೇ ಹೇಳುತ್ತಾರೆ. ನಾನು ತಟ್ಟೆಯ ಕಡೆ ತಿರುಗಿ, ಕಿವಿಯನ್ನು ಮಾತ್ರ ಅವರ ಗಂಟಲ ಕಡೆಗೇ ಇಟ್ಟುಕೊಂಡು ಉಣ್ಣುತ್ತೇನೆ.