ಅರ್ಧ ಪುಸ್ತಕ ಓದಿ ವಾದಿಸಿದ್ದು

ನಮ್ಮ ಸರ್ ಗೈಡ್ ಕಂಡರೆ ಉರಿದು ಬೀಳುತ್ತಿದ್ದರು. ಆಧುನಿಕ ಚಿಂತನೆ ಓದುವುದೆಂದರೆ ಚಿಂತಕ ಬರೆದ ಪುಸ್ತಕವನ್ನೇ ಓದಬೇಕು, ಇನ್ನೊಬ್ಬರು ಅಗಿದು ಕೊಟ್ಟದ್ದನ್ನಲ್ಲ ಎಂಬುದು ಅವರ ಹಟ. ಎಂಬತ್ತರ ದಶಕದ ಮೊದಲ ವರ್ಷಗಳ ರಾಯಚೂರಿನಲ್ಲಿ ಅಂಥ ಪುಸ್ತಕ ಎಲ್ಲಿಂದ ಸಿಗಬೇಕು? ತತ್ವಶಾಸ್ತ್ರದ ಎಂ.ಎ. ತರಗತಿಯಲ್ಲಿ ಇದ್ದವರು ಆರೇ ಜನ. ನಾಲ್ವರು ಸರ್ ಕಣ್ಣು ತಪ್ಪಿಸಿ ಗೈಡ್ ಕೊಂಡರು. ಮೂಲವನ್ನೇ ಓದುತ್ತೇವೆಂದು ಜಂಬ ಕೊಚ್ಚಿಕೊಂಡವರು ಮಾನ್ವಿಯ ನಾನು, ದೇವದುರ್ಗದ ನನ್ನ ಗೆಳತಿ.

ಪಠ್ಯಕ್ಕಿದ್ದ ಯುರೋಪಿನ ಚಿಂತಕನೊಬ್ಬನ ಪುಸ್ತಕದ್ದು ಸರ್ ಹೈದರಾಬಾದಿನ ಹಳೇ ಪುಸ್ತಕದಂಗಡಿಯಿಂದ ತಂದ ಒಂದೇ ಪ್ರತಿ ಇತ್ತು. ಅದರ ಹೊಲಿಗೆಯೂ ಬಿಚ್ಚಿಹೋಗಿತ್ತು. ಅವರೇ ಬ್ಲೇಡು ಹಾಕಿ ಎರಡು ಭಾಗ ಮಾಡಿಕೊಟ್ಟರು. ಮೊದಲರ್ಧ ನನ್ನ ಜೊತೆ ಮಾನ್ವಿಯ ಬಸ್ಸು ಹತ್ತಿತು, ಉಳಿದರ್ಧ ಅವಳ ಜೊತೆ ದೇವದುರ್ಗಕ್ಕೆ ಹೋಯಿತು. ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡು ಹದಿನೈದು ದಿನಕ್ಕೆ ಅದಲುಬದಲು ಮಾಡಿಕೊಳ್ಳಬೇಕೆಂಬುದು ನಮ್ಮ ಕರಾರು.

ಮನುಷ್ಯ ಏನೇ ಮಾಡಿದರೂ ತನ್ನ ಸ್ವಾರ್ಥಕ್ಕೇ ಮಾಡುತ್ತಾನೆ, ಪ್ರೀತಿಯೂ ಸ್ವಾರ್ಥವೇ ಎಂಬ ವಾದ ನನ್ನ ಅರ್ಧದ ತುಂಬ ಇತ್ತು. ಅಬ್ಬಾ, ನನಗೆ ಹುಚ್ಚೇ ಹಿಡಿಯಿತು! ಎರಡು ವಾರ ಮನೆಯವರ ಜೀವ ತಿಂದೆ. ರೊಟ್ಟಿ ಬಡಿಯುತ್ತಿದ್ದ ಅವ್ವನಿಗೂ, ನೀನು ನಮಗೆ ಉಣಿಸುವುದು ನಿನ್ನ ಸಂತೋಷಕ್ಕೇ ಎಂದು ತಿಳಿಸಿ ಹೇಳಿದೆ. ಹಾಗಾದರೆ ನಾಳೆಯಿಂದ ಆ ಸಂತೋಷ ನೀನೇ ಪಡು ಎಂದು ಅವ್ವ ಹಿಟ್ಟಿನ ಪರಾತವನ್ನು ನನ್ನ ಕಡೆ ತಳ್ಳಿದಳು.

ಅಷ್ಟರಲ್ಲಿ ಬೇಸಿಗೆ ರಜೆಗೆ ಮುಂಚಿನ ಸೆಮಿನಾರು ಬಂತು. ಅಕ್ಕಿ ವ್ಯಾಪಾರದ ಅಪ್ಪ ಒಂದು ವರ್ಷದ ಮಾತಿನ ಮೇಲೆ ನನ್ನನ್ನು ಓದಲು ಕಳಿಸಿದ್ದ. ಎರಡನೇ ವರ್ಷಕ್ಕೂ ಕಳಿಸಬೇಕೋ, ನೋಡಲು ಬಂದಿದ್ದ ವರನಿಗೆ ಹೂಂ ಅನ್ನಬೇಕೋ ಎಂದು ಮನೆಯಲ್ಲಿ ಜಗ್ಗಾಟ ನಡೆದಿತ್ತು. ಸರ್ ಅವರನ್ನು ಕೇಳಿಯೇ ತೀರ್ಮಾನ ಮಾಡುತ್ತೇನೆಂದ ಅಪ್ಪ. ಸೆಮಿನಾರಿನ ದಿನವೇ ಬಾ, ನನ್ನ ಮಾತು ಕೇಳುವೆಯಂತೆ ಎಂದು ಕರೆದವಳು ನಾನೇ, ಸೊಕ್ಕು ಅಷ್ಟಿತ್ತು. ಗೆಳತಿ ಜ್ವರ ಬಂದು ಮಲಗಿದ್ದರಿಂದ ಪುಸ್ತಕ ಅದಲುಬದಲಾಗಿರಲಿಲ್ಲ. ಅದಕ್ಕೇನು, ಚಿಂತಕನ ಮಾತು ತಿಳಿಯಿತಲ್ಲ ಎಂದುಕೊಂಡೆ.

ಅಪ್ಪ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಎಲ್ಲವೂ ಸ್ವಾರ್ಥವೇ ಎಂಬುದೇ ಚಿಂತಕನ ಮತವೆಂದು ನಾನು ಇಂಗ್ಲಿಷಿನಲ್ಲಿ ಮೇಜು ಗುದ್ದಿ ಗುದ್ದಿ ವಾದಿಸಿದೆ. ಮುಗಿಯುವಷ್ಟರಲ್ಲಿ ಗೈಡಿನ ನಾಲ್ವರೂ ಮುಸಿಮುಸಿ ನಗುತ್ತಿದ್ದರು. ಸರ್ ಬಿಡಿಸಿ ಹೇಳಿದ ಮೇಲೆ ತಿಳಿಯಿತು, ಆ ಚಿಂತಕ ಹೇಳಿದ್ದು ಅದಕ್ಕೆ ತದ್ವಿರುದ್ಧ! ಮೊದಲರ್ಧದಲ್ಲಿ ಎದುರಾಳಿಯ ವಾದವನ್ನು ಮಂಡಿಸಿ, ಎರಡನೆಯದರಲ್ಲಿ ಅದನ್ನು ಎಳೆಎಳೆಯಾಗಿ ಬಿಡಿಸಿ ಎಸೆದಿದ್ದ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ಮಾತು, ಅಂದರೆ ಪೂರ್ವಪಕ್ಷ, ಮೊದಲು ಬರುತ್ತದೆಂದು ಬಿ.ಎ.ಯಲ್ಲೇ ಬಾಯಿಪಾಠ ಮಾಡಿದ್ದವಳು ನಾನು. ಯುರೋಪಿನವರೂ ಹಾಗೆ ಬರೆಯಬಹುದೆಂದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಅಪ್ಪನಿಗೆ ಇಂಗ್ಲಿಷ್ ಬಾರದು, ಆದರೆ ನಗು ತಿಳಿಯದೇ? ಎದ್ದುಹೋಗಿ ಸರ್ ಮುಂದೆ ನಿಂತು, ಮಗಳು ತಪ್ಪು ಮಾಡಿದಳೇನು ಎಂದು ಕೇಳಿದ.

"ಮಾಡ್ಯಾಳ್ರಿ," ಎಂದರು ಸರ್. "ಉಳಿದವರು ಗೈಡ್ ನೋಡಿ ಸರಿ ಬರದಾರ. ಈಕಿ ಒಬ್ಬಾಕಿ ಪುಸ್ತಕ ಓದಿ ತಪ್ಪು ಮಾಡ್ಯಾಳ."

"ಹಂಗಾದ್ರ ಮುಂದಿನ ವರ್ಷ ಬ್ಯಾಡೇನ್ರಿ?"

"ಈಕಿ ಬರಲಿಲ್ಲಂದ್ರ ನಾ ಯಾರ ಕೂಡ ಜಗಳಾಡ್ಲಿ?"

ಅಪ್ಪ ಅವರಿಗೆ ಕೈಮುಗಿದು, ನನ್ನನ್ನು ಕರೆದುಕೊಂಡು ಮಾನ್ವಿಯ ಬಸ್ಸು ಹತ್ತಿದ. ಮರುದಿನ ನಾನು ಏಳುವಷ್ಟರಲ್ಲಿ ಮನೆಯಲ್ಲೇ ಇರಲಿಲ್ಲ. ವರನ ಕಡೆಯವರಲ್ಲಿಗೆ ಹೋಗಿರಬೇಕು ಎಂದಳು ಅವ್ವ. ಓದು ಮುಗಿಯಿತು ಎಂದುಕೊಂಡು ನಕಲಿನ ನೋಟ್‌ಬುಕ್ಕನ್ನು ಟ್ರಂಕಿನೊಳಗೆ ಹಾಕಿದೆ.

ಇಳಿಹೊತ್ತಿಗೆ ಅಪ್ಪ ಮೈತುಂಬ ಧೂಳಾಗಿ ಬಂದ. ಆ ಬಿಸಿಲಲ್ಲಿ ದೇವದುರ್ಗಕ್ಕೆ ಹೋಗಿ, ಗೆಳತಿಯ ಮನೆ ಹುಡುಕಿ, ಉಳಿದರ್ಧ ಪುಸ್ತಕ ಇಸಿದುಕೊಂಡು ಬಂದಿದ್ದ. ಹೆಗಲ ವಲ್ಲಿಯಲ್ಲಿ ಸುತ್ತಿದ್ದ ಅದನ್ನು ಬಿಚ್ಚಿ ಮುಂದಿಟ್ಟಾಗ ನನಗೆ ಗಳಗಳ ಅಳು ಬಂತು.

"ಅಳಬ್ಯಾಡ," ಎಂದ ಅಪ್ಪ. "ಸೂಟಿ ಮುಗಿಯೂದ್ರಾಗ ಓದು. ಹೋದ ಮ್ಯಾಲ ನಿಮ್ಮ ಸರ್‌ಗೆ ಜವಾಬು ಕೊಡಬೇಕಲ್ಲ."