ಎಡಕ್ಕೆ ಎಳೆಯುತ್ತಿದ್ದ ಪಟ

ಚೀನಾದ ವೈಫಾಂಗಿನ ಹೊಳೆದಂಡೆಯಲ್ಲಿ ಗಾಳಿಪಟ ಆಡಿಸುವ ನಮಗೆಲ್ಲ ಗೆಂಗ್ ಮೇಷ್ಟ್ರೇ ವೈದ್ಯರು. ಎರಡು ದಾರ ಹಿಡಿದು ಪಲ್ಟಿ ಹೊಡೆಸುವ ಬಟ್ಟೆಯ ಪಟಗಳನ್ನು ನಾವು ಮನೆಯಲ್ಲೇ ಹೊಲಿದುಕೊಳ್ಳುತ್ತೇವೆ. ಅವು ನೆಲಕ್ಕೆ ಮೂತಿ ಕುಕ್ಕಿದರೆ ಅವರ ಮುಂದೆ ಒಯ್ದು ಇಡುತ್ತೇವೆ. ಮೊದಲು ದಾರ ನೋಡಿ, ಆಮೇಲೆ ಪಟಕ್ಕೆ ಕಟ್ಟಿದ ಸೂತ್ರ, ಹೊಲಿಗೆ ಕೊನೆಗೆ ಎಂದು ಅವರು ನಮ್ಮ ತಲೆ ತಿನ್ನುತ್ತಿದ್ದರು. ದಾರವನ್ನು ಮಾತ್ರ ಯಾರ ಕೈಗೂ ಬಿಡರು. ಹೊಸ ದಾರವನ್ನು ಮರಕ್ಕೆ ಕಟ್ಟಿ, ಹಿಗ್ಗುವಷ್ಟೂ ಜಗ್ಗಿ, ಆಮೇಲೆ ಜೋಡಿ ಮಾಡಿ ಕೊಡುವುದು ಅವರದೇ ಕೆಲಸ.

ವಸಂತದ ಪ್ರದರ್ಶನಕ್ಕೆ ನಮ್ಮ ತಂಡ ಸಾಲಾಗಿ ಪಟ ಹಾರಿಸಬೇಕಿತ್ತು. ಲ್ವಾನ್ ಅಕ್ಕನ ಹೊಸ ಪಟ ಎಡಕ್ಕೇ ಎಳೆಯತೊಡಗಿತು. ಹೊಲಿಗೆಯಲ್ಲೇ ಮಕ್ಕಳನ್ನು ಸಾಕಿದ ಹೆಂಗಸು ಆಕೆ. ತಾನು ಕೊಟ್ಟ ದಾರವಲ್ಲವೇ ಎಂದು ಮೇಷ್ಟ್ರು ಅದನ್ನು ಮುಟ್ಟಲೂ ಇಲ್ಲ, ಸೀದಾ ರೆಕ್ಕೆಗೆ ಕೈಹಾಕಿದರು.

"ಏನು ಲ್ವಾನ್, ಹೊಲಿಗೆ ಸೊಟ್ಟಗಾಗಿದೆ? ಕೈ ನಡುಗೋಕೆ ಶುರುವಾಯ್ತಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕ ಬಿಚ್ಚಿ ಬಿಚ್ಚಿ ಹೊಲಿದಳು, ಪಟ ಎಡ ಬಿಡಲಿಲ್ಲ. ಸಾಲು ಕೆಡುತ್ತದೆಂದು ಮೇಷ್ಟ್ರು ಅವಳನ್ನು ಕೈಬಿಟ್ಟರು. ಪ್ರದರ್ಶನದ ದಿನ ಅವಳು ತಲೆಯೆತ್ತದೆ ಎಲ್ಲರಿಗೂ ಚಹಾ ಸುರಿದುಕೊಟ್ಟಳು.

ಸಂಜೆ ನಾವಿಬ್ಬರೇ ಉಳಿದು ಸಾಮಾನು ಕಟ್ಟುವಾಗ ಮೇಷ್ಟ್ರು ಯಾಕೋ ಆಕೆಯ ದಾರಗಳನ್ನು ಮರಕ್ಕೆ ಕಟ್ಟಿ ಜಗ್ಗಿದರು. ಬಲಗಡೆಯದು ಹಿಗ್ಗುತ್ತಲೇ ಹೋಯಿತು. ಅವಸರದಲ್ಲಿ ಅದೊಂದನ್ನು ಜಗ್ಗದೆಯೇ ಕೊಟ್ಟಿದ್ದರು. ನೆಲದ ಮೇಲೆ ಎರಡೂ ಸಮ, ಗಾಳಿಗೆ ಸಿಕ್ಕರೆ ಬಲದ್ದು ಉದ್ದ. ಪಟ ಎಡಕ್ಕೆ ಹೋಗದೆ ಇನ್ನೇನು ಮಾಡೀತು? ಮೇಷ್ಟ್ರು ಕಿವಿಯವರೆಗೂ ಕೆಂಪಾಗಿ ಅಲ್ಲೇ ಕುಸಿದು ಕೂತರು. ಅವರನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

ಮರುದಿನ ದಾರ ಸರಿಮಾಡಿ, ಎಲ್ಲರೆದುರು ಅದೇ ಪಟ ಹಾರಿಸಿದರು. ನೆಟ್ಟಗೆ ಏರಿತು. ಮೇಷ್ಟ್ರ ಕೈಗುಣ ನೋಡಿ ಎಂದು ಜನ ಹೊಗಳಿದರು.

"ಕೈಗುಣ ಅಲ್ಲ, ಮಣ್ಣು. ದಾರ ಜಗ್ಗದೆ ಕೊಟ್ಟೋನು ನಾನು. ಅವಳ ಹೊಲಿಗೇಲಿ ಏನೂ ತಪ್ಪಿರ್ಲಿಲ್ಲ."

ಬೇರೆಯವರ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಳ್ಳಲು ಇಂಥ ದೊಡ್ಡವರಿಂದಲೇ ಸಾಧ್ಯ ಎಂದು ಮತ್ತಷ್ಟು ಹೊಗಳಿದರು. ಮೇಷ್ಟ್ರು ಆಣೆ ಮಾಡಿದರೂ, ನಾನೇ ಕಣ್ಣಾರೆ ಕಂಡೆ ಎಂದರೂ ಯಾರೂ ನಂಬಲಿಲ್ಲ. ಲ್ವಾನ್ ಅಕ್ಕ ಎರಡೂ ಕೈಯಲ್ಲಿ ಚಹಾ ಹಿಡಿದು ಮುಂದೆ ಬಂದಳು.

"ನನ್ನ ಮಾನ ಉಳಿಸೋಕೆ ಇಷ್ಟೆಲ್ಲ ಹೇಳ್ಬೇಡಿ ಮೇಷ್ಟ್ರೇ. ನನ್ನ ಕೈ ಸೋತಿದೆ, ನಂಗೇ ಗೊತ್ತಾಗ್ತಿದೆ. ಹೊಲಿಗೆ ಮೆಷಿನ್ನು ನಿನ್ನೇನೇ ತಂಗಿ ಮನೆಗೆ ಕೊಟ್ಬಿಟ್ಟೆ. ಇನ್ಮೇಲೆ ನನ್ನ ಪಟಾನೂ ನೀವೇ ಹೊಲ್ಕೊಡಿ."